ಅಕ್ಕಿ ತಟ್ಟೆಯಲ್ಲಿ ನನ್ನ ಹೆಸರು

ನನ್ನ ಹೆಸರು ಕಿರಣ. ನಾನು ಹುಟ್ಟುವ ಮೊದಲೇ ಸೋದರತ್ತೆ ಆರಿಸಿಟ್ಟ ಹೆಸರು. "ಗಂಡಾದ್ರೂ ನಡೀತದ, ಹೆಣ್ಣಾದ್ರೂ ನಡೀತದ" ಅಂದಿದ್ದಳಂತೆ, ಜಾಣೆ. ಸಂಸ್ಕೃತದ ಮಾತು, ಬೆಳಕಿನ ಎಳೆ ಎಂದರ್ಥ. ಅರ್ಥವೇನೋ ಚೆಂದ, ಆದರೆ ಹಾವೇರಿಯಲ್ಲಿ ಕಾಲೇಜು ಸೇರಿದಾಗ ಹಾಜರಿ ಕರೆದರೆ ನಾಲ್ಕು ಬೆಂಚುಗಳಿಂದ "ಎಸ್ ಸರ್" ಬರುತ್ತಿತ್ತು. ಉಳಿದ ಮೂವರೂ ಹುಡುಗರು. ಹೆಸರು ನೋಡಿ ನನಗೆ ಕೊಟ್ಟದ್ದೂ ಹುಡುಗರ ಹಾಸ್ಟೆಲ್ಲಿನ ಕೋಣೆ! ಟ್ರಂಕು ಹಿಡಿದು ನಿಂತ ನನ್ನನ್ನು ಕಂಡ ವಾರ್ಡನ್ನರ ಮುಖ ನೋಡಬೇಕಿತ್ತು. ಆದರೂ ಆ ಹೆಸರೆಂದರೆ ನನಗೆ ಪ್ರಾಣ.

ರಾಣೆಬೆನ್ನೂರಿನಿಂದ ನೋಡಲು ಬಂದ ವರನ ಹೆಸರೂ ಕಿರಣ. ಬ್ಯಾಡಗಿಯ ನಮ್ಮ ಮನೆಯಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗದವರು ವರನ ತಾಯಿ ಒಬ್ಬರೇ. ಅವರ ಮನೆಯಲ್ಲಿ ಹೆಂಡತಿ ಗಂಡನ ಹೆಸರು ಹೇಳುವಂತಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದಂತೆ.

"ಬ್ಯಾಂಕಿನ್ಯಾಗ ನಿನ್ನ ಹೆಸರೇನವಾ ಅಂತ ಕೇಳಿದ್ರ ಏನ್ ಹೇಳ್ತಿ? ದಿನಾ ನನ್ನ ಮಗನ ಆಯುಷ್ಯ ಕಡೀತಿಯೇನು? ಅಕ್ಕಿ ತಟ್ಟ್ಯಾಗ ಬ್ಯಾರೆ ಹೆಸರ ಬರಸೂಣು," ಎಂದರು.

ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ದಿನ ಗಂಡ ಉಂಗುರದಿಂದ ಅಕ್ಕಿಯ ಮೇಲೆ ಅವಳ ಹೊಸ ಹೆಸರು ಬರೆಯುವುದು ಅವರ ಪದ್ಧತಿ. ನನಗೆ ಸಿಟ್ಟು ನೆತ್ತಿಗೇರಿತು. ಮಗನ ಹೆಸರನ್ನೇ ಬದಲಿಸಲಿ! ಅಪ್ಪ, "ಹೊಂದ್ಕೊಂಡ್ ಹೋಗವಾ" ಎಂದರು. ವರನಿಗೆ ಫೋನ್ ಮಾಡಿದರೆ, "ನೋಡೂಣು ತಗೋ" ಎಂದ ಪುಣ್ಯಾತ್ಮ. ಫೋನಿಟ್ಟು ಅತ್ತುಬಿಟ್ಟೆ.

ಮದುವೆಯಾಗಿ ರಾಣೆಬೆನ್ನೂರಿಗೆ ಬಂದೆವು. ಬಾಗಿಲಲ್ಲಿ ನಾದಿನಿ ಅಡ್ಡ ನಿಂತಳು. ಗಂಡನ ಹೆಸರನ್ನು ಒಡಪು ಕಟ್ಟಿ, ಅಂದರೆ ಪ್ರಾಸದ ಸಾಲಿನಲ್ಲಿ ಹೆಣೆದು, ಹೇಳಿದರೇ ಒಳಗೆ ಪ್ರವೇಶ. ಒಡಪಿನಲ್ಲಿ ಹೇಳಿದರೆ ಮಾತ್ರ ಆಯುಷ್ಯಕ್ಕೆ ಏನೂ ಆಗುವುದಿಲ್ಲವಂತೆ.

"ಬ್ಯಾಡಗಿ ಮೆಣಸಿನಕಾಯಿಗೆ ಕೆಂಪು ಬಣ್ಣ, ನಮ್ಮ ಮನಿಯವರ ಹೆಸರು ಕಿರಣ," ಎಂದೆ.

"ನಿಮ್ಮ ಹೆಸರ ಯಾರ್ ಕೇಳಿದ್ರು ವೈನಿ? ನಮ್ಮಣ್ಣಂದ ಹೇಳ್ರಿ!" ಎಂದಳು ಆ ತುಂಟಿ. ಎಲ್ಲರೂ ಕೇಕೆ ಹಾಕಿದರು. ನನಗೆ ನಗು ಬರಲಿಲ್ಲ.

ಅಕ್ಕಿಯ ತಟ್ಟೆ ಬಂತು. ಅತ್ತೆ ಮಗನ ಕಿವಿಯಲ್ಲಿ ಹೊಸ ಹೆಸರು ಹೇಳಿದರು. ನಮ್ಮವರು ಉಂಗುರ ಹಿಡಿದು, ನಾಲಿಗೆಯ ತುದಿ ಕಚ್ಚಿಕೊಂಡು, ದುಂಡಗೆ ಮೂರಕ್ಷರ ಬರೆದರು: ಕಿರಣ.

ಅತ್ತೆ ಹಣೆ ಚಚ್ಚಿಕೊಂಡರು. "ಏ ಖೋಡಿ, ನಿನ್ನ ಹೆಸರ ಯಾಕ ಬರದೀಯೋ? ಆಕೀದ ಬರಿ!"

"ಆಕೀದಽ ಬರದೇನವ್ವಾ," ಎಂದರು ಅವರು.