ರೇಷ್ಮೆ ಎಳೆ ಕಟ್ಟಿದ ಪೊಟ್ಟಣಗಳು

ಮೊನ್ನೆ ಚಳ್ಳಕೆರೆಯ ಬಸ್ ನಿಲ್ದಾಣದೆದುರಿನ ಅಂಗಡಿಯಲ್ಲಿ ಶೇಂಗಾ ಚಟ್ನಿಪುಡಿಯ ಪೊಟ್ಟಣವೊಂದನ್ನು ಕೊಂಡೆ. ಅದರ ಕುತ್ತಿಗೆಗೆ ಹಸಿರು ದಾರ ಸುತ್ತಿತ್ತು. ದಾವಣಗೆರೆಯ ನಮ್ಮ ಮನೆ ಸೇರುವವರೆಗೂ ಚೀಲದೊಳಗೆ ಕೈಯಿಟ್ಟು ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಬಸ್ಸಿನಲ್ಲಿ ಪಕ್ಕದಲ್ಲಿದ್ದವಳು ನನ್ನದೇನೋ ಕಳುವಾಗಿದೆ ಎಂದುಕೊಂಡು ತನ್ನ ಚೀಲವನ್ನೂ ತಡವಿಕೊಂಡಳು.

ಹಸಿರು ದಾರವೆಂದರೆ ನನಗೆ ಎದುರುಮನೆಯ ಅಕ್ಕ. ಮೊಳಕಾಲ್ಮೂರಿನ ನೇಕಾರರ ಮನೆಯಿಂದ ಚಳ್ಳಕೆರೆಗೆ ಸೊಸೆಯಾಗಿ ಬಂದವರು. ತೊಂಬತ್ತರ ದಶಕದ ಕೊನೆ. ನಾನಿನ್ನೂ ಚಳ್ಳಕೆರೆಯ ಅದೇ ಬೀದಿಯಲ್ಲಿದ್ದೆ. ಅಕ್ಕ ತವರಿನ ಮಗ್ಗದ ಸೀರೆಗಳನ್ನು ಹೆಗಲಿಗೇರಿಸಿ ಮನೆಮನೆ ತಿರುಗಿ ಮಾರುತ್ತಿದ್ದರು. ರೇಷ್ಮೆ ಸೀರೆಯನ್ನು ಯಾರೂ ದಿನಾ ಕೊಳ್ಳುವುದಿಲ್ಲವಲ್ಲ. ತೆರೆದ ಬಾಗಿಲು ಸುಮ್ಮನೆ ಮುಚ್ಚಬಾರದೆಂದು, ಅದೇ ಚೀಲದಲ್ಲಿ ನಮ್ಮ ಬೀದಿಯ ಹೆಂಗಸರು ಮಾಡಿದ್ದನ್ನೂ ಒಯ್ಯತೊಡಗಿದರು. ಒಬ್ಬಳ ಖಡಕ್ ರೊಟ್ಟಿ, ನಾವೆಲ್ಲ ದೊಡ್ಡಮ್ಮ ಎನ್ನುತ್ತಿದ್ದ ಹಿರಿಯರ ಹಪ್ಪಳ, ನನ್ನ ಚಟ್ನಿಪುಡಿ. ನನ್ನ ಪುಡಿಯ ಬಗ್ಗೆ ಹೆಚ್ಚು ಹೇಳದಿರುವುದೇ ಒಳ್ಳೆಯದು. ಸೀದುಹೋದೀತೆಂಬ ಭಯಕ್ಕೆ ಶೇಂಗಾವನ್ನು ಅರೆಹಸಿಯಾಗಿಯೇ ಇಳಿಸಿಬಿಡುತ್ತಿದ್ದೆ.

"ಏಮ್ಮಾ, ನೀನು ಒಲೆ ಮುಂದೆ ನಿಂತ್ರೆ ಶೇಂಗಾನೇ ಹೆದರ್ಕೊಂತೈತೆ," ಎನ್ನುತ್ತಿದ್ದರು ಅಕ್ಕ. ಹಾಗೆಂದರೂ ರೊಟ್ಟಿ ಕೊಂಡವರ ಕೈಗೆ ಅದನ್ನೂ ತುರುಕಿಯೇ ಬರುತ್ತಿದ್ದರು.

ಸೀರೆ ಮುಗಿದಾಗ ಮಗ್ಗದಲ್ಲಿ ಇನ್ನು ನೇಯಲಾಗದ ತುಂಡು ಎಳೆಗಳು ಉಳಿಯುತ್ತವೆ. ಅಕ್ಕನ ಅಣ್ಣ ಅವುಗಳಲ್ಲಿ ಹಸಿರು ಎಳೆಗಳನ್ನು ಆರಿಸಿ ಮೊಳಕಾಲ್ಮೂರಿನ ಬಸ್ಸಿನಲ್ಲಿ ಕಳಿಸುತ್ತಿದ್ದ. ಶುಕ್ರವಾರ ಮಧ್ಯಾಹ್ನ ಅಕ್ಕನ ಜಗುಲಿಯಲ್ಲಿ ಕೂತು ಹಂಚಿಕೊಳ್ಳುತ್ತಿದ್ದೆವು. ರೊಟ್ಟಿಯಾಗಲಿ ಹಪ್ಪಳವಾಗಲಿ, ಪೊಟ್ಟಣಕ್ಕೆ ಕಟ್ಟುವುದು ಆ ಎಳೆಯನ್ನೇ. ಹಾಕುವುದು ಅಕ್ಕ ಕಲಿಸಿದ ಗಂಟನ್ನೇ. ಮಗ್ಗದಲ್ಲಿ ಹರಿದ ಎಳೆಯನ್ನು ಕೂಡಿಸುವ, ಜಗ್ಗಿದಷ್ಟೂ ಬಿಗಿಯುವ ಪುಟ್ಟ ಗಂಟು. ಬರಬರುತ್ತ ಊರಿನಲ್ಲಿ "ರೇಷ್ಮೆ ಕಟ್ಟಿದ್ದೇ ಕೊಡ್ರಿ" ಎಂದು ಕೇಳುವಂತಾಯಿತು.

ಆ ಮಾತು ಪೇಟೆಯ ಅಂಗಡಿಯವನೊಬ್ಬನ ಕಿವಿಗೂ ಬಿತ್ತು. ಒಂದು ದಿನ ಅಕ್ಕನ ಜಗುಲಿಗೇ ಬಂದು, ಟೀ ಕುಡಿದು, ರೊಟ್ಟಿ ಮತ್ತು ಹಪ್ಪಳವನ್ನು ಪೂರಾ ತಾನೇ ಕೊಳ್ಳುವುದಾಗಿ ಹೇಳಿದ. ಚಟ್ನಿಪುಡಿಯ ಮಾತೆತ್ತಲಿಲ್ಲ. ರುಚಿ ನೋಡಿದ್ದನೆಂದು ಕಾಣುತ್ತದೆ.

"ಕೊಟ್ರೆ ಎಲ್ಲಾರ್ದೂ ಒಟ್ಟಿಗೆ ಕೊಡ್ತೀವ್ರಿ, ಇಲ್ಲಾಂದ್ರೆ ಯಾರ್ದೂ ಇಲ್ಲ," ಎಂದರು ಅಕ್ಕ. "ಒಬ್ಬೊಬ್ರೇ ನಿಮ್ಮ ಅಂಗಡಿ ಮುಂದೆ ನಿಂತ್ರೆ, ಆಮೇಲೆ ನೀವು ಹೇಳಿದ್ದೇ ರೇಟು."

ಅವನು ನಕ್ಕು ಎದ್ದುಹೋದ. ನಮಗೆ ಹೊಳೆಯದಿದ್ದುದು ಒಂದೇ: ಮನೆಗಳಿಗೆ ಹಿತ್ತಲ ಬಾಗಿಲೂ ಇರುತ್ತದೆ.

ಮುಂದೊಂದು ಶುಕ್ರವಾರ ಅಕ್ಕ ಎಂದಿನಂತೆ ಎಳೆಗಳ ಕಟ್ಟನ್ನು ಬಿಚ್ಚಿ ಮುಂದೆ ಚಾಚಿದರು.

"ಹೋದ ವಾರದ್ದೇ ಇನ್ನೂ ಐತೆ ಅಕ್ಕ," ಎಂದಳು ರೊಟ್ಟಿಯವಳು, ಸೆರಗು ಸರಿಮಾಡಿಕೊಳ್ಳುತ್ತ.

"ನಂದೂ ಐತೆ ಕಣಮ್ಮ," ಎಂದರು ದೊಡ್ಡಮ್ಮ.

ಅಕ್ಕನ ಕೈ ಚಾಚಿದಲ್ಲೇ ನಿಂತಿತು. ಎಳೆ ಉಳಿದಿದೆಯೆಂದರೆ ಪೊಟ್ಟಣ ಕಟ್ಟಿಲ್ಲ. ಆದರೆ ಆ ವಾರವೆಲ್ಲ ದೊಡ್ಡಮ್ಮನ ಮಾಳಿಗೆಯ ಮೇಲೆ ಹಪ್ಪಳ ಒಣಗುತ್ತಿದ್ದುದನ್ನು ಇಡೀ ಬೀದಿ ನೋಡಿತ್ತು.

"ಒಣಗಿಸಿದ್ದೆಲ್ಲ ನೀವೇ ತಿಂದ್ರಾ ದೊಡ್ಡಮ್ಮ?"

"ಆ ಅಂಗಡಿಯವನೇ ಮನೀಗೆ ಬಂದು ತಗಂಡೋಗ್ತಾನೆ ಕಣಮ್ಮ. ನೀನೂ ಬಿಸ್ಲಾಗೆ ಹೊತ್ಕೊಂಡು ತಿರುಗೋದು ತಪ್ತಲ್ಲ."

ಅಕ್ಕನ ಮೇಲಿನ ಕನಿಕರಕ್ಕೇ ಮಾಡಿದ ಕೆಲಸವೆಂಬಂತೆ ಹೇಳಿದರು. ಅಕ್ಕ ಎಳೆಗಳ ಕಟ್ಟನ್ನು ನನ್ನತ್ತ ತಿರುಗಿಸಿದರು.

ನಾನೊಬ್ಬಳೇ ಕೈಯೊಡ್ಡಿದೆ. ಬಿಚ್ಚಿಕೊಂಡೀತೆಂಬ ಚಿಂತೆಗೆ ಪೊಟ್ಟಣದ ಕುತ್ತಿಗೆ ಹಿಸುಕುವಷ್ಟು ಸುತ್ತುತ್ತಿದ್ದವಳು. ನನ್ನ ಪಾಲಿನ ಎಳೆ ಎಂದೂ ಉಳಿದದ್ದಿಲ್ಲ. ಅಕ್ಕನ ಕಣ್ಣು ತುಂಬಿತು. ಅದನ್ನು ನಿಷ್ಠೆ ಎಂದುಕೊಂಡರೋ ಏನೋ. ನನ್ನ ಹಿತ್ತಲ ಬಾಗಿಲನ್ನು ಯಾರೂ ತಟ್ಟಿರಲಿಲ್ಲ, ಅಷ್ಟೇ. ತಟ್ಟಿದ್ದರೆ...

ಕೆಲವೇ ದಿನಗಳಲ್ಲಿ ಅಂಗಡಿಯ ಪೊಟ್ಟಣಗಳಿಗೂ ಹಸಿರು ಎಳೆ ಬಂತು. ಇಬ್ಬರ ಮನೆಯಲ್ಲಿ ಉಳಿದಿತ್ತಲ್ಲ, ಅದೇ. ಅಕ್ಕ ಒಂದು ಪೊಟ್ಟಣ ಕೊಂಡು ತಂದು ನನ್ನ ಕೈಗಿಟ್ಟರು. "ಗಂಟು ನೋಡು," ಎಂದರು. "ಎಷ್ಟು ಚೆಂದ ಕಲ್ತವ್ರೆ."

ಆಮೇಲೂ ಕೆಲವು ಶುಕ್ರವಾರ ಅಕ್ಕ ಅದೇ ದೊಡ್ಡ ಚಾಪೆಯನ್ನು ಹಾಸಿದರು. ನಾವಿಬ್ಬರು ಅದರ ಒಂದು ಮೂಲೆಯಲ್ಲಿ ಕೂರುತ್ತಿದ್ದೆವು. ನನ್ನೊಬ್ಬಳ ಪುಡಿಯನ್ನು ಹೊತ್ತು ತಿರುಗುವುದು ಅವರಿಗೂ ಸಾಕಾಯಿತು. ಕೊನೆಗೆ ಗಂಡನೊಂದಿಗೆ ಮೊಳಕಾಲ್ಮೂರಿಗೇ ಹೋಗಿಬಿಟ್ಟರು. ವರ್ಷ ಕಳೆಯುವುದರೊಳಗೆ ಅಂಗಡಿಯವನು ರೇಟು ಇಳಿಸಿದ. ರೊಟ್ಟಿಯವಳು ನನ್ನ ಮನೆಗೆ ಬಂದು ಅತ್ತಳು. ಎದುರುಮನೆಯ ಬೀಗದ ಕಡೆ ಅವಳೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಅಕ್ಕ ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ತಿಥಿಯೂ ಮುಗಿದ ಮೇಲೆ. ಅಷ್ಟು ಹೊತ್ತಿಗೆ ನಮ್ಮನ್ನು ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸುವಂತೆ ಇಟ್ಟಿದ್ದ ಯಾವುದೂ ಉಳಿದಿರಲಿಲ್ಲ...

ಮೊನ್ನೆ ಮನೆಗೆ ಬಂದವಳೇ ಪೊಟ್ಟಣ ತಿರುಗಿಸಿ ಗಂಟು ಹುಡುಕಿದೆ. ಗಂಟೇ ಇರಲಿಲ್ಲ. ಪೊಟ್ಟಣದ ಬಾಯಿಯನ್ನು ಬಿಸಿಯಲ್ಲಿ ಅಂಟಿಸಿದ್ದರು. ದಾರ ನೈಲಾನಿನದು, ಮೇಲೆ ಚೆಂದಕ್ಕೆಂದು ಗೋಂದಿನಲ್ಲಿ ಮೆತ್ತಿದ್ದು. ಎಳೆದರೆ ಕೈಗೆ ಬಂತು. ಪೊಟ್ಟಣ ಮುಚ್ಚಿದಂತೆಯೇ ಇತ್ತು. ಕತ್ತರಿ ತಂದು ಬಾಯಿ ಕತ್ತರಿಸಿ, ಚಿಟಿಕೆ ಪುಡಿಯನ್ನು ನಾಲಿಗೆಗಿಟ್ಟೆ. ಹದವಾಗಿ ಹುರಿದಿದ್ದರು. ನಾನು ಎಂದೂ ಮಾಡಿದ್ದಕ್ಕಿಂತ ಚೆನ್ನಾಗಿತ್ತು.

ಇದನ್ನು ಹೇಳಿದರೆ ಬೈದು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವರು ಒಬ್ಬರೇ ಇದ್ದರು.