ಅರ್ಧಹಾಡಣ್ಣನ ‘ಹೋಗಿಬನ್ನಿ’

ರೈಲ್ವೆ ಸ್ಟೇಷನ್ನಿನ ಪಕ್ಕದ ಸಬ್‌ವೇಯಲ್ಲಿ ಪಿಟೀಲು ನುಡಿಸುವವನಿಗೆ ಸುತ್ತಲಿನ ಅಂಗಡಿಯವರು ಅರ್ಧಹಾಡಣ್ಣ ಎಂದು ಹೆಸರಿಟ್ಟಿದ್ದರು. ಹೆಸರೇನೂ ಸುಮ್ಮನೆ ಬಂದದ್ದಲ್ಲ. ಇಷ್ಟು ವರ್ಷಗಳಲ್ಲಿ ಅವನು ಅಲ್ಲಿ ಒಂದು ಹಾಡನ್ನೂ ಪೂರ್ತಿ ನುಡಿಸಿದವನಲ್ಲ. ಅವನನ್ನು ದೂರಿ ಪ್ರಯೋಜನವಿಲ್ಲ ಬಿಡಿ. ರೈಲು ಹಿಡಿಯಲು ಓಡುವ ಜನ ನಿಲ್ಲುವುದೇ ಚಪ್ಪಲಿಗೆ ಸಿಕ್ಕ ಕಲ್ಲು ಕೊಡವಿಕೊಳ್ಳುವಷ್ಟು ಹೊತ್ತು. ಅಷ್ಟರಲ್ಲಿ ಹಾಡಿನ ರುಚಿಯಾದ ತುಣುಕನ್ನು ಬಡಿಸಿಬಿಡಬೇಕು. ಆ ಕಾಲುಗಳು ಕದಲಿದವೋ, ಮೇಲಿನಿಂದ ಕೆಳಕ್ಕೆ ಜಾರುವ ಪುಟ್ಟದೊಂದು ಸ್ವರ ಎಳೆದು ಕಳಿಸಿಕೊಡುತ್ತಿದ್ದ. ಅದಕ್ಕೆ ಅವನೇ ಇಟ್ಟ ಹೆಸರು ‘ಹೋಗಿಬನ್ನಿ’. ಕಾಸು ಹಾಕಿದವರಿಗೂ ಹೋಗಿಬನ್ನಿ, ಹಾಕದವರಿಗೂ ಹೋಗಿಬನ್ನಿ. ಆದರೆ ಎದುರಿಗೆ ಯಾರದಾದರೂ ಕಾಲು ನಿಂತಿರುವಾಗ ಪಿಟೀಲಿನ ಕಮಾನು ಇಳಿಸಬಾರದು. ಮನೆಗೆ ಬಂದವರು ಕೂತಿರುವಾಗಲೇ ದೀಪ ಆರಿಸಿದ ಹಾಗಾಗುತ್ತದೆ ಎಂಬುದು ಅವನ ಶಾಸ್ತ್ರ.

ಮೆಟ್ಟಿಲುಗಳ ತುದಿಯಲ್ಲೇ ಅವನ ಹೆಂಡತಿಯ ಹೊಲಿಗೆ ಅಂಗಡಿ. ಸಂಜೆ ಶಟರ್ ಎಳೆದು ಅವಳು ಸಬ್‌ವೇ ಹಾದೇ ಮನೆಗೆ ಹೋಗುತ್ತಿದ್ದಳು. ರಸ್ತೆ ದಾಟಿದರೆ ಮನೆ ಹತ್ತಿರ. ಆದರೂ, “ಆ ಗಾಡಿಗಳ ಮಧ್ಯೆ ದಾಟೋಕೆ ನಂಗೆ ಭಯ ರೀ” ಎನ್ನುವಳು. ಗಂಡನಿಂದ ಮನೆಯ ಬೀಗದ ಕೈ ಇಸಿದುಕೊಳ್ಳಲು ಒಂದು ಗಳಿಗೆ ನಿಂತು ಹೊರಟುಬಿಡುವಳು. ಹಾಡಿನ ಬಗ್ಗೆ ಮಾತ್ರ ಒಳ್ಳೆಯ ಮಾತಿಲ್ಲ, ಕೆಟ್ಟ ಮಾತಿಲ್ಲ.

ಒಂದು ದಿನ ರೈಲು ತಪ್ಪಿಸಿಕೊಂಡ ಗಿಡ್ಡ ಮನುಷ್ಯನೊಬ್ಬ ನಿಂತು ಕೇಳಿದ. ಜಾನಪದ ಸಂಗೀತ ಉತ್ಸವದ ಕಾರ್ಯದರ್ಶಿಯಂತೆ. “ಭಾನುವಾರ ನಮ್ಮ ವೇದಿಕೆಗೆ ಬನ್ನಿ. ಒಂದೇ ಹಾಡು, ಆದರೆ ಪೂರ್ತಿ ಹಾಡು!” ಎಂದ.

ಸುದ್ದಿ ಕೇಳಿ ಹೆಂಡತಿ ಬಾಯಲ್ಲಿದ್ದ ಗುಂಡುಸೂಜಿ ತೆಗೆದಳು. “ಹಾಗಾದ್ರೆ ನಾನೂ ಬರ್ತೀನಿ. ನಿಮ್ಮನ್ನ ಕಟ್ಟಿಕೊಂಡಾಗಿಂದ ಒಂದು ಹಾಡಿನ ಕೊನೆ ಕಂಡಿಲ್ಲ ನಾನು. ಅವತ್ತಾದ್ರೂ ಕಾಣಿಸಿ.”

ಅಲ್ಲಿಂದ ಅವನಿಗೆ ನಿದ್ದೆಯಿಲ್ಲ. ಉತ್ಸವಕ್ಕೆ ಯಾರು ಬಂದರೇನು, ಬಿಟ್ಟರೇನು; ಈ ಒಬ್ಬಳು ಒಂದು ಹಾಡನ್ನು ಕೊನೆಯವರೆಗೆ ಕೇಳಬೇಕು, ಅಷ್ಟೇ. ಅಡುಗೆಮನೆಯಲ್ಲಿ ನಿಂತು ಕೊನೆಯ ಸಾಲನ್ನು ಉಜ್ಜಿದ್ದೇ ಉಜ್ಜಿದ್ದು.

ಭಾನುವಾರ ವೇದಿಕೆ ಹತ್ತಿ, ಅಭ್ಯಾಸಬಲದಿಂದ ತಲೆ ತಗ್ಗಿಸಿಯೇ ಶುರುಮಾಡಿದ. ಜನ ಪಿಸುಮಾತು ಬಿಟ್ಟು ಕೇಳಿದರು. ನಡುವಿನ ಚರಣ ದಾಟಿತು, ಕೊನೆಯ ಸಾಲೂ ಬಂತು. ಕೆಳಗೆ ನೋಡಿದ. ಮೊದಲ ಸಾಲಿನಲ್ಲಿ ಕೂತವರ ಕಾಲುಗಳೆಲ್ಲ ನೆಲಕ್ಕೆ ಊರಿದಂತೆ ಇದ್ದವು! ಒಂದಾದರೂ ಕದಲಬೇಡವೇ? ಕಾಲು ನಿಂತಿದೆ, ಕೈ ಹೇಗೆ ನಿಂತೀತು? ಕಮಾನು ತನ್ನಷ್ಟಕ್ಕೆ ತಾನೇ ಹಾಡಿನ ಮೊದಲ ಸಾಲಿಗೆ ಓಡಿತು. ಇನ್ನೊಂದು ಸುತ್ತು. ಮತ್ತೊಂದು ಸುತ್ತು. ಮುಂದಿನ ಸರದಿಯ ಡೋಲಿನವರು ಡೋಲನ್ನು ಕೊರಳಿಗೆ ಹಾಕಿಕೊಂಡರು, ಮತ್ತೆ ತೆಗೆದಿಟ್ಟರು. ಕಾರ್ಯದರ್ಶಿ ಪರದೆಯ ಮರೆಯಲ್ಲಿ ಕೈಮುಗಿಯತೊಡಗಿದ. ಅರ್ಧಹಾಡಣ್ಣ ಮಾತ್ರ ನುಡಿಸುತ್ತಲೇ ಇದ್ದ. ನೀರಿಗಿಳಿದವನಿಗೆ ದಡವೇ ಇಲ್ಲ!

ಆಗ ಮೊದಲ ಸಾಲಿನಲ್ಲಿ ಎರಡು ಚಪ್ಪಲಿಗಳು ಎದ್ದವು. ಕಿತ್ತುಹೋದ ಪಟ್ಟಿಗೆ ಹಸಿರು ದಾರದ ಹೊಲಿಗೆ; ಅವನ ಮನೆಯ ಬಾಗಿಲಲ್ಲಿ ದಿನವೂ ಇರುವ ಚಪ್ಪಲಿಗಳೇ. ಅವು ಕುರ್ಚಿಗಳ ನಡುವಿನ ದಾರಿಯಲ್ಲಿ ನಿಧಾನವಾಗಿ ಹೊರಟವು.

ಯಾರು ಎದ್ದರೂ ಇವಳು ಏಳಬಾರದಿತ್ತು. ಅವನಿಗೆ ಅಳುವೇ ಬಂತು. ಆದರೆ ಹೋಗುವ ಕಾಲು ಕಂಡ ಕೈ ಕೇಳಬೇಕಲ್ಲ, ಮೇಲಿನಿಂದ ಕೆಳಕ್ಕೆ ಜಾರಿ ಹೋಗಿಬನ್ನಿ ನುಡಿಸಿಯೇಬಿಟ್ಟಿತು. ಹಾಡು ಮುಗಿಯಿತು. ಚಪ್ಪಾಳೆಯೋ ಚಪ್ಪಾಳೆ.

ಅವನು ವೇದಿಕೆ ಇಳಿದು ನೇರ ಹಿಂದಕ್ಕೆ ಹೋದ. ಕೊನೆಯ ಕುರ್ಚಿಯ ಹಿಂದೆ ಅವಳು ನಿಂತಿದ್ದಳು.

“ಕೊನೆ ಕಾಣಬೇಕು ಅಂತ ಬಂದು ಮಧ್ಯದಲ್ಲೇ ಎದ್ದು ಹೋಗ್ತೀಯಲ್ಲೇ?”

“ನಾನು ಏಳದೇ ಇದ್ದಿದ್ರೆ ನೀವು ನಾಳೆ ಬೆಳಗಾದ್ರೂ ಇಳೀತಿರಲಿಲ್ಲ. ಯಾರಾದ್ರೂ ಹೊರಟ್ರೆ ತಾನೇ ನಿಮ್ಮ ಹಾಡು ನಿಲ್ಲೋದು?”

“ಅದು ನಿಂಗೆ ಹೇಗೆ ಗೊತ್ತು?”

ಅವಳು ಬ್ಯಾಗಿನ ಜಿಪ್ ಎಳೆದಳು, ಮತ್ತೆ ತೆಗೆದಳು. “ದಿನಾ ನಂಗೂ ನುಡಿಸ್ತೀರಲ್ಲ, ಬೀಗದ ಕೈ ಇಸ್ಕೊಂಡು ಹೊರಟಾಗ. ಅದನ್ನ ಕೇಳೋಕೆ ಅಂತಲೇ ಸುತ್ತು ಹಾಕ್ಕೊಂಡು ಬರ್ತೀನಿ. ರಸ್ತೆ ದಾಟೋಕೆ ನಂಗೇನು ಭಯ ರೀ?”

ಇಷ್ಟು ವರ್ಷ ಇವಳಿಗೆ ಕಿವಿಯೇ ಇಲ್ಲ ಎಂದುಕೊಂಡಿದ್ದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಸಂತೋಷವಾಯಿತು.

ಮರುದಿನ ಸಂಜೆ ಹಸಿರು ಹೊಲಿಗೆಯ ಚಪ್ಪಲಿಗಳು ಎಂದಿನಂತೆ ಮೆಟ್ಟಿಲಿಳಿದು ಬಂದವು. ಬೀಗದ ಕೈ ತೆಗೆದುಕೊಂಡ ಮೇಲೂ ಹೊರಡಲಿಲ್ಲ. ಹಾಗಾಗಿ ಅವನೂ ನಿಲ್ಲಿಸಲಿಲ್ಲ. ಅವತ್ತು ಮನೆಯಲ್ಲಿ ಒಲೆ ಹೊತ್ತುವುದು ಬಹಳ ತಡವಾಯಿತು.