ಷಡ್ಡಕನ ಲಾರಿಗಳಿಗೆ ನಿಂಬೆಹಣ್ಣು

ಹೊಸ ಲಾರಿಯ ಗಾಲಿಗೆ ನಿಂಬೆಹಣ್ಣು ಇಡುವುದನ್ನು ನೀವೂ ಕಂಡಿದ್ದೀರಿ. ಹೊಸ ಕಂಪ್ಯೂಟರಿಗೆ ಇಟ್ಟದ್ದನ್ನು ಬಹುಶಃ ನಾನೊಬ್ಬನೇ ಕಂಡಿದ್ದೇನೆ. ಹಾಗೆಂದು ಹೇಳಿಕೊಳ್ಳುವಾಗ ನನ್ನಲ್ಲಿ ಹೆಮ್ಮೆಯೇನೂ ಇಲ್ಲ, ಹೊಟ್ಟೆಯುರಿಯಿದೆ. ಏಕೆಂದರೆ ಆ ಕಂಪ್ಯೂಟರು ನನ್ನದಲ್ಲ, ನನ್ನ ಷಡ್ಡಕ ತಿಪ್ಪೇಶನದು.

ನಾವಿಬ್ಬರೂ ಅಕ್ಕತಂಗಿಯರನ್ನು ಮದುವೆಯಾದವರು. ನಾನು ದುರ್ಗದ ಕಾಲೇಜೊಂದರಲ್ಲಿ ಇತಿಹಾಸ ಬೋಧಿಸುವವನು. ಅವನು ಹೊಸದುರ್ಗದಲ್ಲಿ ಪೈಪು, ನಲ್ಲಿ ಮಾರುವವನು. ಮಾವನ ಮನೆಯಲ್ಲಿ ಅವನ ಹೋಳಿಗೆಯ ಮೇಲೆ ಬಿದ್ದ ತುಪ್ಪವನ್ನು ಓರೆಗಣ್ಣಿನಿಂದಲೇ ಅಳೆಯುವ ಷಡ್ಡಕಧರ್ಮವನ್ನು ನಾನು ಮದುವೆಯಾದಂದಿನಿಂದ ಶ್ರದ್ಧೆಯಿಂದ ಪಾಲಿಸಿಕೊಂಡು ಬಂದಿದ್ದೇನೆ. ಸಾಲದೆಂಬಂತೆ ಇಬ್ಬರಿಗೂ ಅಂಟಿದ್ದು ಒಂದೇ ಚಟ: ಕಂಪ್ಯೂಟರಿನಲ್ಲಿ ಲಾರಿ ಓಡಿಸಿ, ಬಾಡಿಗೆ ಗಳಿಸಿ, ಕಂಪನಿ ಕಟ್ಟುವ ಆಟ. ಅವನ ಕಂಪನಿಯಲ್ಲಿ ಲಾರಿಗಳ ಸಾಲೇ ಇದೆ, ಸಂಬಳದ ಡ್ರೈವರುಗಳಿದ್ದಾರೆ. ನನ್ನ ಕಂಪನಿಯಲ್ಲಿ ಒಂದೇ ಲಾರಿ; ಮಾಲೀಕ, ಡ್ರೈವರು, ಕ್ಲೀನರು ಎಲ್ಲವೂ ನಾನೇ.

ಅಂಥವನು ಫೋನು ಮಾಡಿ, "ಅಣ್ಣ, ಹೊಸ ಕಂಪ್ಯೂಟರ್ ತಗಂಡೀನಿ. ಇಷ್ಟು ವರ್ಷ ಆಡಿದ್ದೆಲ್ಲ ಹಳೇದ್ರಾಗೇ ಐತೆ. ನೀವೇ ಬಂದು ಸಾಗಿಸ್ಕೊಡ್ರಿ" ಎಂದ. ಅವನ ವೈಭವವನ್ನು ನನ್ನ ಕೈಯಾರೆ ಹೊತ್ತು ಹಾಕುವ ಹಮಾಲಿ! ಆದರೂ ಹೋದೆ, ಹೊಳಲ್ಕೆರೆ ದಾಟುವವರೆಗೂ ಬಸ್ಸಿನ ಕಿಟಕಿಯ ಕಡೆ ಮುಖ ಊದಿಸಿಕೊಂಡು ಕುಳಿತು.

ಹಳೆಯ ಕಂಪ್ಯೂಟರಿನಿಂದ ಆಟವನ್ನೆಲ್ಲ ಪೆನ್‌ಡ್ರೈವಿಗೆ ತುಂಬಿ ಹೊಸದರ ಪಕ್ಕ ಇಟ್ಟೆ. "ತಡೀರಿ ಅಣ್ಣ, ಲಾರಿ ಹೊಸ ಜಾಗಕ್ಕೆ ಬರ್ತಾ ಅವೆ, ಸುಮ್ನೆ ಇಳಿಸಾಕಾಗಲ್ಲ" ಎಂದವನೇ ತಿಪ್ಪೇಶ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು, ಹಾಯಿಸಲು ಗಾಲಿಯಿಲ್ಲದ್ದರಿಂದ ಅಂಗೈಯಿಂದಲೇ ಅಪ್ಪಳಿಸಿದ. ರಸ ಪೆನ್‌ಡ್ರೈವಿನ ಬಾಯಿಗೇ ಚಿಮ್ಮಿತು. ಒರೆಸಿ, ಒಣಗಿಸಿ, ಚುಚ್ಚಿದೆವು, ಅದು ಉಸಿರೆತ್ತಲಿಲ್ಲ.

"ಹೋದ್ವಾ ಅಣ್ಣ? ಎಲ್ಲಾ ಹೋದ್ವಾ?" ಎಂದು ಅವನು ಕುರ್ಚಿಯಲ್ಲಿ ಕುಸಿದ. "ಲಾಕ್‌ಡೌನ್‌ನಾಗೆ ಅಂಗಡಿ ಬಾಗ್ಲು ಹಾಕ್ಕಂಡು ಕುಂತಿದ್ನಲ್ಲ, ಆವಾಗ ಕಟ್ಟಿದ್ದು ಕಣಣ್ಣ. ಅದಿಲ್ದಿದ್ರೆ ನಂಗೆ ಹುಚ್ಚು ಹಿಡಿತಿತ್ತು."

ನಕಲು ಮಾಡಿದ್ದೇ ಹೊರತು ಮೂಲ ಎಲ್ಲಿಯೂ ಹೋಗಿಲ್ಲ, ಮನೆ ಬದಲಿಸಿದಾಗಿನಂತೆ ಹಳೆಯದು ಖಾಲಿಯಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೇಳಲಿಲ್ಲ. ಕಾಫಿಯ ಕೊನೆಯ ಗುಟುಕಿನವರೆಗೂ ಹೇಳಲಿಲ್ಲ. ಅಷ್ಟು ರುಚಿಯಾದ ಕಾಫಿಯನ್ನು ಆ ಮನೆಯಲ್ಲಿ ನಾನೆಂದೂ ಕುಡಿದಿರಲಿಲ್ಲ. ಆಮೇಲೆ ಅವನ ಕಣ್ಣು ಒದ್ದೆಯಾದದ್ದು ಕಂಡು, "ಏಳಪ್ಪ, ಹಳೇದ್ರಾಗೆ ಹಂಗೇ ಅವೆ" ಎಂದೆ. ಅಂಗಡಿಯಿಂದ ಬೇರೆ ಪೆನ್‌ಡ್ರೈವ್ ತಂದು ಎಲ್ಲವನ್ನೂ ಮತ್ತೆ ಸಾಗಿಸಿದೆ.

ಹೊಸ ಪರದೆಯ ಮೇಲೆ ಕಂಪನಿ ಬೆಳಗಿತು. ಡ್ರೈವರುಗಳ ಹೆಸರುಗಳಲ್ಲಿ ಎಲ್ಲಕ್ಕಿಂತ ಮೇಲೆ "ಚಂದ್ರಣ್ಣ" ಎಂದಿತ್ತು. ನನ್ನ ಹೆಸರು! ಮೈಯೆಲ್ಲ ಉರಿದುಹೋಯಿತು.

"ಲೇ, ನನ್ನನ್ನೇ ಸಂಬಳಕ್ಕೆ ಇಟ್ಕಂಡಿದೀಯಾ?"

"ಸಿಟ್ಟಾಗ್ಬ್ಯಾಡ್ರಿ. ಡ್ರೈವರಿಗೆ ಹೆಸ್ರು ನಾವೇ ಇಡಬೇಕು ಅದ್ರಾಗೆ. ದೊಡ್ಡ ಲಾರಿ ಯಾರ ಕೈಗೆ ಕೊಟ್ರೆ ನೆಮ್ಮದಿಯಾಗಿ ಇರಬೋದು ಅಂತ ಯೋಚ್ನೆ ಮಾಡ್ದೆ. ನೀವೇ ಕಣ್ಮುಂದೆ ಬಂದ್ರಿ."

ತುಪ್ಪದ ವಿಷಯದಲ್ಲಷ್ಟೇ ಅಲ್ಲ, ಒಳ್ಳೆಯತನದಲ್ಲೂ ಈ ಮನುಷ್ಯ ನನ್ನನ್ನು ಹಿಂದೆ ಹಾಕಿದ್ದ. ಅದನ್ನು ಸಹಿಸುವುದು ಇನ್ನೂ ಕಷ್ಟ.

ಮನೆಗೆ ಬಂದವನೇ ನನ್ನ ಆಟದ ಗಳಿಕೆಯನ್ನೆಲ್ಲ ಸುರಿದು ಎರಡನೆಯ ಲಾರಿ ಕೊಂಡೆ. ಡ್ರೈವರಿಗೆ ತಿಪ್ಪೇಶ ಎಂದು ಹೆಸರಿಟ್ಟೆ. ಹೆಂಡತಿಯ ಕಣ್ಣು ತಪ್ಪಿಸಿ ಅಡುಗೆಮನೆಯಿಂದ ನಿಂಬೆಹಣ್ಣು ತಂದು, ಅಪ್ಪಳಿಸದೆ, ಕೀಬೋರ್ಡಿನ ಮುಂದಿಟ್ಟು ಅವನನ್ನು ದಾರಿಗೆ ಕಳುಹಿಸಿದೆ. ಮೊದಲ ದಿನವೇ ಅವನು ನನಗಿಂತ ಹೆಚ್ಚು ದುಡಿದು ಬಂದ.